ಹಳೆಯ ಹಡಗಿನಲ್ಲಿ ಸಮುದ್ರ ಯಾನ: ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಕ್ರೂಸ್ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ವಾಟರ್ ಸ್ಲೈಡು, ಇಪ್ಪತ್ತು ಮಹಡಿ, ಒಳಗೇ ಒಂದು ಮಾಲ್ ಇರುವ ಹೊಸ ಹಡಗು. ಇಲ್ಲಿ ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ. ಇಪ್ಪತ್ತು ಮೂವತ್ತು ವರ್ಷ ಓಡಿದ, ಗಾತ್ರದಲ್ಲಿ ಚಿಕ್ಕದಾದ ಹಡಗಿನ ಬಗ್ಗೆ. ಸಮುದ್ರ ನೋಡಬೇಕು, ಕರಾವಳಿ ನೋಡಬೇಕು ಅಂತ ಹೋಗುವವರಿಗೆ ಹಳೆಯ ಹಡಗೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ದೊಡ್ಡ ಹಡಗುಗಳಲ್ಲಿ ಜನರನ್ನು ಒಳಗೇ ಹಿಡಿದಿಡುವ ವ್ಯವಸ್ಥೆ ಜಾಸ್ತಿ. ಹಳೆಯದರಲ್ಲಿ ಒಳಗೆ ಮಾಡುವುದಕ್ಕೆ ಅಷ್ಟೇನಿಲ್ಲ, ಹಾಗಾಗಿ ಹೊರಗೆ ಡೆಕ್‌ಗೆ ಬರುತ್ತೀರಿ. ಡೆಕ್ ನೀರಿಗೆ ಹತ್ತಿರ ಇರುತ್ತದೆ. ಹಡಗು ಚಿಕ್ಕ ಬಂದರಿಗೂ ಹೋಗುತ್ತದೆ. ದುಡ್ಡೂ ಕಡಿಮೆ. ಆದರೆ ಕೆಲವು ವಿಷಯ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಬಂದವರು ಸುಮ್ನೆ ಬೈಕೊಂಡು ವಾಪಸ್ ಹೋಗುತ್ತಾರೆ.

ಮೊದಲು ಹಡಗಿನ ಜಾತಕ ನೋಡಿ

ಹಡಗುಗಳಿಗೆ ಹೆಸರು ಬದಲಾಗುತ್ತಲೇ ಇರುತ್ತದೆ. 2021ರಿಂದ ನಮ್ಮ ಕರಾವಳಿಯಲ್ಲಿ ಓಡಾಡುತ್ತಿರುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನೇ ತಗೊಳ್ಳಿ. ಅದು ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ತಯಾರಾಗಿ 1990ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗೆ 'ನಾರ್ಡಿಕ್ ಎಂಪ್ರೆಸ್' ಅಂತ ಓಡಲು ಶುರುವಾಯಿತು, 2004ರಲ್ಲಿ 'ಎಂಪ್ರೆಸ್ ಆಫ್ ದಿ ಸೀಸ್' ಆಯಿತು, ಮಧ್ಯದಲ್ಲಿ ಸ್ಪೇನಿನ ಕಂಪನಿಯೊಂದರ ಕೈಯಲ್ಲೂ ಇತ್ತು. ಉದ್ದ 211 ಮೀಟರ್. 2024ರಲ್ಲಿ ಬಂದ 'ಐಕಾನ್ ಆಫ್ ದಿ ಸೀಸ್' ಸುಮಾರು 365 ಮೀಟರ್, ಟನ್ನೇಜಿನಲ್ಲಿ ಇದರ ಐದು ಪಟ್ಟು. ವ್ಯತ್ಯಾಸ ಎಷ್ಟು ಅಂತ ಗೊತ್ತಾಯ್ತಲ್ವಾ?

ಹೆಸರು ಎಷ್ಟು ಸಲ ಬದಲಾದರೂ ಹಡಗಿನ ಐಎಂಒ (ಅಂತಾರಾಷ್ಟ್ರೀಯ ಕಡಲ ಸಂಸ್ಥೆ) ನಂಬರ್ ಬದಲಾಗುವುದಿಲ್ಲ. ಅದು ಏಳು ಅಂಕಿಯದು. ಬುಕ್ ಮಾಡುವ ಮುಂಚೆ ಆ ನಂಬರ್ ಹುಡುಕಿ. ಈಕ್ವಾಸಿಸ್ ಎಂಬ ಜಾಲತಾಣದಲ್ಲಿ ದುಡ್ಡು ಕೊಡದೆ ಖಾತೆ ತೆರೆದು ಆ ನಂಬರ್ ಹಾಕಿದರೆ ಹಡಗು ಕಟ್ಟಿದ ವರ್ಷ, ಈಗ ಯಾರ ಹೆಸರಲ್ಲಿದೆ, ಬಂದರುಗಳಲ್ಲಿ ತಪಾಸಣೆ ಮಾಡಿದಾಗ ಏನೇನು ಕೊರತೆ ಸಿಕ್ಕಿತು ಎಲ್ಲ ಬರುತ್ತದೆ. ಒಂದೆರಡು ಸಣ್ಣ ಕೊರತೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಹಳೆಯ ಹಡಗಿಗೆ ಅದು ಮಾಮೂಲಿ. ಹಡಗನ್ನು ಬಂದರಿನಲ್ಲೇ ತಡೆದು ನಿಲ್ಲಿಸಿದ ದಾಖಲೆ ಇತ್ತೀಚೆಗೆ ಪದೇ ಪದೇ ಇದ್ದರೆ ಮಾತ್ರ ಬಿಟ್ಟುಬಿಡಿ.

ಹಳೆಯದು ಅಂದರೆ ಅಪಾಯ ಅಂತ ಮನೆಯಲ್ಲಿ ಹಿರಿಯರು ಹೇಳಿಯೇ ಹೇಳುತ್ತಾರೆ. ಅವರಿಗೆ ಎರಡು ವಿಷಯ ತಿಳಿಸಿ. ಅಂತಾರಾಷ್ಟ್ರೀಯ ಯಾನ ಮಾಡುವ ಪ್ರಯಾಣಿಕರ ಹಡಗಿನ ಸುರಕ್ಷತಾ ಪ್ರಮಾಣಪತ್ರವನ್ನು ಒಂದು ವರ್ಷಕ್ಕಿಂತ ಜಾಸ್ತಿ ಅವಧಿಗೆ ಕೊಡುವುದಿಲ್ಲ, ಪ್ರತಿ ವರ್ಷ ತಪಾಸಣೆ ಆಗಲೇಬೇಕು. ಎರಡನೆಯದು, 2010ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಬೆಂಕಿ ಸುರಕ್ಷತೆಯ ನಿಯಮ. ಸುಲಭವಾಗಿ ಹೊತ್ತಿಕೊಳ್ಳುವ ಮರದಿಂದ ಒಳಭಾಗ ಕಟ್ಟಿದ್ದ ಎಷ್ಟೋ ಹಳೆಯ ಹಡಗುಗಳು ಅದರಿಂದಾಗಿಯೇ ಮೂಲೆ ಸೇರಿದವು. ಈಗ ಓಡುತ್ತಿರುವವು ಅದನ್ನು ದಾಟಿ ಬಂದವು.

ಯಾವಾಗ ಹೋಗಬೇಕು

ನಮ್ಮ ಕಡೆಯವರಿಗೆ ನಿಜವಾಗಿ ಕಷ್ಟ ಆಗುವುದು ಇಲ್ಲೇ. ಅರಬ್ಬಿ ಸಮುದ್ರ ಹೆಚ್ಚು ಶಾಂತವಾಗಿರುವುದು ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಕಾಫಿ ಕುಯ್ಲೂ ಅದೇ ಹೊತ್ತಿಗೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ, ಅದು ಫೆಬ್ರವರಿ ದಾಟುತ್ತದೆ. ಕಣದಲ್ಲಿ ಕಾಫಿ ಹರಡಿಟ್ಟು, ಆಳುಗಳು ಸಿಗದೆ ಒದ್ದಾಡುವಾಗ ಮನೆಮಂದಿಯೆಲ್ಲ ಹಡಗು ಹತ್ತುವುದು ಆಗದ ಮಾತು. ಆಮೇಲೆ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕು, ಅದಾದ ಮೇಲೆ ಹೂ ಕಾಯಿ ಕಟ್ಟಲು ಕೊಡುವ ಬ್ಯಾಕಿಂಗ್ ನೀರು. ಅಲ್ಲಿಗೆ ತೋಟದವರಿಗೆ ಉಳಿಯುವುದು ಎರಡೇ ಕಿಂಡಿ, ಏಪ್ರಿಲ್ ಮತ್ತು ಅಕ್ಟೋಬರ್. ಅಡಿಕೆಯೂ ಇದ್ದರೆ ಅಕ್ಟೋಬರ್ ಕೂಡ ಇಲ್ಲ.

ಏಪ್ರಿಲ್‌ನಲ್ಲಿ ಸೆಕೆ ಜಾಸ್ತಿ, ಆದರೆ ನೀರು ಅಲುಗದೆ ಶಾಂತವಾಗಿ ಮಲಗಿರುತ್ತದೆ. ನನ್ನ ಆಯ್ಕೆ ಅದೇ. ಶಾಲೆಗೂ ರಜ. ಮೇ ಅರ್ಧ ಆದ ಮೇಲೆ ಬುಕ್ ಮಾಡಬೇಡಿ. 2021ರ ಮೇ ತಿಂಗಳಲ್ಲೇ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಹಾದು ಗುಜರಾತಿಗೆ ಹೋಗಿದ್ದು. ಜೂನ್‌ನಿಂದ ಸೆಪ್ಟೆಂಬರ್ ಪಶ್ಚಿಮ ಕರಾವಳಿ ಮರೆತುಬಿಡಿ. ಆ ಸಮಯದಲ್ಲಿ ಹಡಗು ಪೂರ್ವಕ್ಕೆ ಹೋಗುವುದುಂಟು. 2023ರ ಜೂನ್‌ನಲ್ಲಿ ಚೆನ್ನೈನಿಂದ ಶ್ರೀಲಂಕಾದ ಹಂಬನ್‌ತೋಟ, ತ್ರಿಂಕೋಮಲಿ, ಕಂಕೇಸಂತುರೈ ಕಡೆ ಯಾನ ಶುರುವಾಗಿದ್ದು ಹಾಗೇ.

ತೋಟದ ತಾಪತ್ರಯ ಇಲ್ಲದ ಹಾಸನದ ಪೇಟೆಯವರು, ಮೇಷ್ಟ್ರುಗಳು, ಬ್ಯಾಂಕಿನವರು ಜನವರಿಯಲ್ಲಿ ಸಂಕ್ರಾಂತಿ ಕಳೆದ ಮೇಲಿನ ವಾರ ಹಿಡಿಯಿರಿ. ಡಿಸೆಂಬರ್ ಕೊನೆಯ ವಾರ ದರ ಏರಿರುತ್ತದೆ, ಹಡಗು ತುಂಬಿರುತ್ತದೆ, ರಾತ್ರಿಯೆಲ್ಲ ಡಿಜೆ. ಸಮುದ್ರ ನೋಡುವವರಿಗೆ ಅದಲ್ಲ.

ಯಾವ ದಾರಿ

ಮುಂಬೈ–ಗೋವಾ ಎರಡು ರಾತ್ರಿಯ ಯಾನ ಎಲ್ಲರೂ ಮೊದಲು ನೋಡುವುದು, ಯಾಕಂದರೆ ಅಗ್ಗ. ಆದರೆ ಹಡಗು ಸಂಜೆ ಹೊರಟು ಕತ್ತಲಲ್ಲೇ ದಾರಿ ಸಾಗುತ್ತದೆ, ಹಗಲಲ್ಲಿ ಕಾಣುವುದು ಕಡಿಮೆ. ಇನ್ನೊಂದೆರಡು ರಾತ್ರಿ ಸೇರಿಸಿ ಕೊಚ್ಚಿಯೋ ಲಕ್ಷದ್ವೀಪವೋ ಇರುವ ಯಾನ ತಗೊಳ್ಳಿ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಹೋಗಲಾಗುವುದಿಲ್ಲ, ಆಳದಲ್ಲಿ ನಿಂತು ಚಿಕ್ಕ ದೋಣಿಗೆ ಇಳಿಸುತ್ತಾರೆ. ಅಲೆ ಜೋರಿದ್ದರೆ ಆ ದಿನ ಇಳಿಸುವುದೇ ಇಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಟಿಕೆಟ್‌ನ ಷರತ್ತಿನಲ್ಲಿ ಅದು ಬರೆದೇ ಇರುತ್ತದೆ. ಮಂಡಿ ನೋವಿನವರಿಗೆ ಹಡಗಿನ ಪಕ್ಕದಿಂದ ಏಳುತ್ತ ಬೀಳುತ್ತ ಇರುವ ದೋಣಿಗೆ ಕಾಲಿಡುವುದು ಸುಲಭ ಅಲ್ಲ ಎಂಬುದೂ ನೆನಪಿರಲಿ.

ಐಷಾರಾಮ ಬೇಡ, ದ್ವೀಪವೇ ಮುಖ್ಯ ಅನ್ನುವವರಿಗೆ ಲಕ್ಷದ್ವೀಪ ಆಡಳಿತದ 'ಸಮುದ್ರಂ' ಪ್ರವಾಸ ಇದೆ. ಕೊಚ್ಚಿಯಿಂದ ಎಂ.ವಿ. ಕವರಟ್ಟಿ ಹಡಗಿನಲ್ಲಿ ಕವರಟ್ಟಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಮಿನಿಕಾಯ್‌ನಲ್ಲಿ 1885ರ ಲೈಟ್‌ಹೌಸ್ ಇದೆ, ಹತ್ತಲು ಬಿಟ್ಟರೆ ಖಂಡಿತ ಹತ್ತಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕೇ ಬೇಕು, ಹಾಗಾಗಿ ಕೊನೇ ಗಳಿಗೆಯಲ್ಲಿ ಹೊರಡುವ ಯೋಚನೆ ಬೇಡ.

ಕೈಯಲ್ಲಿ ದುಡ್ಡಿದ್ದು ಹೊರದೇಶಕ್ಕೇ ಹೋಗುವುದಾದರೆ ನಾರ್ವೆ. ಹಳೆಯ ಹಡಗಿನಲ್ಲಿ ದಡ ನೋಡುತ್ತ ಹೋಗುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರು. 1893ರಲ್ಲಿ ಅಂಚೆ, ಸಾಮಾನು, ಜನ ಸಾಗಿಸಲು ಶುರುವಾದ ಹುರ್ಟಿಗ್ರುಟನ್ ಮಾರ್ಗ ಅದು. ಈಗಲೂ ಸ್ಥಳೀಯರು ಒಂದು ಬಂದರಿನಿಂದ ಇನ್ನೊಂದಕ್ಕೆ ಅದರಲ್ಲೇ ಹೋಗುತ್ತಾರೆ. 1983ರ ವೆಸ್ಟರೋಲೆನ್, 1993ರ ಕಾಂಗ್ ಹರಾಲ್ಡ್ ಇಂಥವು ಆ ದಾರಿಯ ಹಡಗುಗಳು. ಡಿಸ್ಕೊ, ಕ್ಯಾಸಿನೊ ಇಲ್ಲ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ತಿಳಿಸಬೇಕು, ಇಲ್ಲದಿದ್ದರೆ ಮೂರು ಹೊತ್ತೂ ಮೀನು ಬರುತ್ತದೆ.

ಕ್ಯಾಬಿನ್ ಆರಿಸುವುದು

ಇಲ್ಲಿ ಸ್ವಲ್ಪ ಹೊತ್ತು ಕೂತು ಯೋಚನೆ ಮಾಡಿ. 1990ರ ಸುಮಾರಿನ ಹಡಗುಗಳಲ್ಲಿ ಬಾಲ್ಕನಿ ಕಡಿಮೆ, ಇದ್ದರೂ ದುಬಾರಿ. ಬಾಲ್ಕನಿಗೆ ದುಡ್ಡು ಹಾಕುವ ಬದಲು ಕಿಟಕಿ ಇರುವ ಕ್ಯಾಬಿನ್ ತಗೊಂಡು, ಉಳಿದ ದುಡ್ಡಲ್ಲಿ ಇನ್ನೊಂದು ರಾತ್ರಿ ಜಾಸ್ತಿ ಇರುವ ಯಾನ ತಗೊಳ್ಳಿ ಅಂತ ನಾನು ಹೇಳುವುದು. ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ, ಆದರೆ ಬೆಳಗಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ತೋಟದ ಗಾಳಿಯಲ್ಲಿ ಬೆಳೆದವರಿಗೆ ಎರಡನೇ ದಿನಕ್ಕೇ ಉಸಿರು ಕಟ್ಟಿದ ಹಾಗೆ ಆಗುತ್ತದೆ.

ಡೆಕ್ ಪ್ಲಾನ್, ಅಂದರೆ ಹಡಗಿನ ಮಹಡಿಗಳ ನಕ್ಷೆ, ತೆಗೆದು ನಾಲ್ಕು ವಿಷಯ ನೋಡಿ. ಒಂದು, ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಇರಲಿ. ಕುಲುಕಾಟ ಕಡಿಮೆ ಇರುವುದು ಅಲ್ಲೇ. ಎರಡು, ಮೇಲೆ ಈಜುಕೊಳ ಅಥವಾ ಅಡುಗೆಮನೆ, ಕೆಳಗೆ ಥಿಯೇಟರ್ ಇರಬಾರದು. ಹಳೆಯ ಹಡಗಿನಲ್ಲಿ ಶಬ್ದ ತಡೆಯುವ ಹೊದಿಕೆ ತೆಳು, ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ನೇರ ತಲೆ ಮೇಲೆ ಬರುತ್ತದೆ. ಮೂರು, ಹಿಂಭಾಗದ ಕೆಳ ಡೆಕ್ ಬೇಡ, ಎಂಜಿನ್ ನಡುಕ ರಾತ್ರಿಯಿಡೀ. ನಾಲ್ಕು, 'ಅಡ್ಡವಿರುವ ನೋಟ' ಅಂತ ಬರೆದಿದ್ದರೆ ಕಿಟಕಿಯ ಮುಂದೆ ಜೀವರಕ್ಷಕ ದೋಣಿ ತೂಗಾಡುತ್ತಿರುತ್ತದೆ ಅಂತ ಅರ್ಥ. ಕಿಟಕಿಯ ದುಡ್ಡು ಕೊಟ್ಟು ಕಿತ್ತಳೆ ಬಣ್ಣದ ಫೈಬರ್ ನೋಡುತ್ತ ಕೂರಬೇಕಾಗುತ್ತದೆ.

ವಯಸ್ಸಾದವರು ಜೊತೆಗಿದ್ದರೆ ಇದನ್ನೂ ಗಮನಿಸಿ. ಹಳೆಯ ಹಡಗಿನ ಬಚ್ಚಲುಮನೆಯ ಬಾಗಿಲಲ್ಲಿ ಒಂದು ಹೊಸ್ತಿಲು ಇರುತ್ತದೆ, ಸ್ಟೀಲಿನದು, ಗೇಣುದ್ದ ಎತ್ತರ, ನೀರು ಆಚೆ ಬರಬಾರದು ಅಂತ. ನಮ್ಮ ಅತ್ತೆ ಮೊದಲ ರಾತ್ರಿಯೇ ಅದಕ್ಕೆ ಕಾಲು ಎಡವಿ ಬಾಗಿಲ ಹಿಡಿ ಹಿಡಿದುಕೊಂಡು ಹೇಗೋ ನಿಂತರು. ಆಮೇಲೆ ಅದರ ಮೇಲೆ ಬಿಳಿ ಟವೆಲ್ ಒಂದನ್ನು ಹಾಕಿಟ್ಟೆವು, ಮಬ್ಬು ಬೆಳಕಲ್ಲೂ ಕಾಣುವ ಹಾಗೆ. ಡೆಕ್‌ಗೆ ಹೋಗುವ ಬಾಗಿಲುಗಳಲ್ಲೂ ಇಂಥದೇ ಹೊಸ್ತಿಲು, ಬಾಗಿಲೂ ಭಾರ, ಗಾಳಿಗೆ ಬಡಿದರೆ ಬೆರಳು ಹೋಗುತ್ತದೆ. ಲಿಫ್ಟ್ ಕಡಿಮೆ ಇರುವುದರಿಂದ ಊಟದ ಹೊತ್ತಿಗೆ ಕಾಯಬೇಕು.

ದುಡ್ಡು, ಕಾಗದ ಪತ್ರ

ಜಾಹೀರಾತಿನ ದರ ನಂಬಿಕೊಂಡು ಲೆಕ್ಕ ಹಾಕಬೇಡಿ. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ದಿನಕ್ಕೆ ಇಷ್ಟು ಅಂತ ಸೇವಾ ಶುಲ್ಕ ಸೇರುತ್ತವೆ. ಏಜೆಂಟರ ಹತ್ತಿರ "ಎಲ್ಲ ಸೇರಿ ತಲೆಗೆಷ್ಟು" ಅಂತ ಕೇಳಿ, ಬರೆದುಕೊಡಲು ಹೇಳಿ. ಸಾಮಾನ್ಯ ಊಟ ಟಿಕೆಟ್‌ನಲ್ಲೇ ಇರುತ್ತದೆ. ವಿಶೇಷ ರೆಸ್ಟೋರೆಂಟು, ಕೂಲ್‌ಡ್ರಿಂಕ್ಸು, ವೈಫೈ, ದಡದ ಪ್ರವಾಸ ಬೇರೆ. ಮೂರು ರಾತ್ರಿ ಆದರೂ ಪ್ರಯಾಣ ವಿಮೆ ಮಾಡಿಸಿ, ಹಡಗಿನ ಡಾಕ್ಟರ ಫೀಸು ಊರಿನ ಕ್ಲಿನಿಕ್ಕಿನ ಹಾಗಿರುವುದಿಲ್ಲ.

ದೇಶದೊಳಗಿನ ಯಾನಕ್ಕೆ ಸರ್ಕಾರದ ಫೋಟೋ ಗುರುತಿನ ಚೀಟಿ ಸಾಕು, ಮೂಲ ಪ್ರತಿಯೇ ಇರಲಿ. ಟಿಕೆಟ್‌ನಲ್ಲಿ 'ಮಂಜು', ಆಧಾರ್‌ನಲ್ಲಿ 'ಮಂಜುನಾಥ ಎಚ್.ಆರ್.' ಅಂತ ಇದ್ದರೆ ಗೇಟಲ್ಲೇ ತಕರಾರು, ಹಾಗಾಗಿ ಬುಕ್ ಮಾಡುವಾಗಲೇ ಹೆಸರು ಅಕ್ಷರಕ್ಕೆ ಅಕ್ಷರ ಸರಿ ಮಾಡಿಸಿ. ಶ್ರೀಲಂಕಾ ಕಡೆ ಹೋಗುವುದಿದ್ದರೆ ಪಾಸ್‌ಪೋರ್ಟ್, ಅದರಲ್ಲಿ ಕನಿಷ್ಠ ಆರು ತಿಂಗಳ ಅವಧಿ ಬಾಕಿ. ಗರ್ಭಿಣಿಯರನ್ನು ಸಾಮಾನ್ಯವಾಗಿ 24 ವಾರದ ಮೇಲೆ ಹತ್ತಿಸಿಕೊಳ್ಳುವುದಿಲ್ಲ.

ಬಂದರು ತಲುಪುವುದು

ಹಡಗು ಯಾರಿಗೂ ಕಾಯುವುದಿಲ್ಲ. ಒಂದು ದಿನ ಮೊದಲೇ ಆ ಊರು ಸೇರಿಕೊಳ್ಳಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದರೆ ನಮಗೆ ಸಮುದ್ರಕ್ಕೆ ಹೋಗಬೇಕಾದರೆ ಮಧ್ಯೆ ಘಾಟಿ ಇದೆ. ಶಿರಾಡಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಅರ್ಧ ದಿನ ಹೋಯಿತು. ಚಾರ್ಮಾಡಿಯಲ್ಲಿ ಮಂಜು ಕವಿದರೆ ಗಾಡಿ ತೆವಳಬೇಕು.

ಮುಂಬೈಗೆ ಹೋಗುವವರು ಮಂಗಳೂರಿಗೆ ಇಳಿದು ಮತ್ಸ್ಯಗಂಧ ರೈಲು ಹಿಡಿಯಬಹುದು, ಅಥವಾ ಬಜ್ಪೆಯಿಂದ ವಿಮಾನ. ಗೋವಾದಿಂದ ಹತ್ತುವ ಯಾನ ಸಿಕ್ಕರೆ ಇನ್ನೂ ಸುಲಭ. ಯಶವಂತಪುರ–ವಾಸ್ಕೋ ರೈಲು ಅರಸೀಕೆರೆ ಮೇಲೆಯೇ ಹೋಗುತ್ತದೆ, ಮರ್ಮಗೋವಾ ಬಂದರು ವಾಸ್ಕೋ ಪಕ್ಕದಲ್ಲೇ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯವರಿಗೆ ನಾನು ಹೇಳುವುದು ಅದನ್ನೇ. ಕೊಚ್ಚಿಗೆ ಮಂಗಳೂರಿನಿಂದ ರೈಲು.

ಬ್ಯಾಗಿನಲ್ಲಿ ಏನಿರಬೇಕು

ಹಳೆಯ ಕ್ಯಾಬಿನ್‌ನಲ್ಲಿ ಪ್ಲಗ್ ಪಾಯಿಂಟ್ ಒಂದೋ ಎರಡೋ, ಅದೂ ಕೆಲವು ಹಡಗಿನಲ್ಲಿ ಅಮೆರಿಕದ ಚಪ್ಪಟೆ ಪಿನ್ನಿನದು, 110 ವೋಲ್ಟ್. ಮೊಬೈಲ್ ಚಾರ್ಜರ್‌ಗೆ ತೊಂದರೆ ಇಲ್ಲ, ಅಡಾಪ್ಟರ್ ಒಂದು ಸಾಕು. ಎರಡು ಮೂರು ಯುಎಸ್‌ಬಿ ಇರುವ ಚಾರ್ಜರ್ ತಗೊಂಡು ಹೋಗಿ. ಇಸ್ತ್ರಿ ಪೆಟ್ಟಿಗೆ, ಕೆಟಲ್ ಕಿತ್ತಿಟ್ಟುಕೊಳ್ಳುತ್ತಾರೆ. ಗೋಡೆ ಉಕ್ಕಿನದಾಗಿರುವುದರಿಂದ ಅಯಸ್ಕಾಂತದ ಕೊಕ್ಕೆ ನಾಲ್ಕು ತಗೊಂಡು ಹೋದರೆ ಒದ್ದೆ ಟವೆಲ್, ಟೋಪಿ, ಗುರುತಿನ ಚೀಟಿ ಎಲ್ಲ ನೇತುಹಾಕಬಹುದು. ಚಿಕ್ಕ ಕ್ಯಾಬಿನ್‌ನಲ್ಲಿ ಇದು ದೊಡ್ಡ ಉಪಕಾರ. ಕಿವಿಗೆ ಹತ್ತಿ, ತೆಳು ಸ್ವೆಟರ್, ಹಿಡಿತ ಇರುವ ರಬ್ಬರ್ ಚಪ್ಪಲಿ. ಬೈನಾಕ್ಯುಲರ್ ಇದ್ದರೆ ಮರೆಯಬೇಡಿ, ಇಲ್ಲದಿದ್ದರೆ ಯಾರದಾದರೂ ಕೇಳಿ ತಗೊಳ್ಳಿ.

ಮನೆಯಲ್ಲಿ ಮಾಡಿದ ತಿಂಡಿಯನ್ನು ಬಹಳ ಕಡೆ ಒಳಗೆ ಬಿಡುವುದಿಲ್ಲ, ಸೀಲ್ ಇರುವ ಪ್ಯಾಕೆಟ್ ಆದರೆ ಬಿಡುತ್ತಾರೆ. ಕಾಫಿ ವಿಷಯ ಹೇಳಲೇಬೇಕು. ಹಡಗಿನ ಯಂತ್ರದ ಕಾಫಿ ನಮ್ಮವರಿಗೆ ಹಿಡಿಸುವುದಿಲ್ಲ. ನಮ್ಮೂರಲ್ಲೇ ಸಿಗುವ ಡ್ರಿಪ್ ಬ್ಯಾಗ್ ಪೊಟ್ಟಣ ಒಂದಿಷ್ಟು ಹಾಕಿಕೊಳ್ಳಿ, ಬಫೆಯಲ್ಲಿ ಬಿಸಿನೀರು ಯಾವಾಗಲೂ ಇರುತ್ತದೆ.

ಹತ್ತಿದ ಮೊದಲ ದಿನ

ದೊಡ್ಡ ಬ್ಯಾಗು ಹಡಗಿನವರು ತಗೊಂಡರೆ ಕ್ಯಾಬಿನ್‌ಗೆ ಬರುವಾಗ ಸಂಜೆ ಆಗಬಹುದು. ಮಾತ್ರೆ, ಒಂದು ಜೊತೆ ಬಟ್ಟೆ, ಚಾರ್ಜರ್ ಕೈಚೀಲದಲ್ಲೇ ಇರಲಿ. ಬಚ್ಚಲಿನ ನಲ್ಲಿ, ಫ್ಲಶ್, ಎಸಿ, ಲೈಟು ಎಲ್ಲ ಕೂಡಲೇ ಪರೀಕ್ಷಿಸಿ. ಏನಾದರೂ ಕೆಟ್ಟಿದ್ದರೆ ರಿಸೆಪ್ಷನ್‌ಗೆ ಆಗಲೇ ಹೇಳಿ, ಹಡಗು ಹೊರಡುವ ಮುಂಚೆ ಕ್ಯಾಬಿನ್ ಬದಲಿಸಿ ಕೊಡುವ ಸಾಧ್ಯತೆ ಜಾಸ್ತಿ. ಹಳೆಯ ಹಡಗಿನ ಪೈಪು ಆಗಾಗ ಸದ್ದು ಮಾಡುತ್ತದೆ, ಫ್ಲಶ್ ಗಾಳಿ ಎಳೆದು ಜೋರಾಗಿ ಕೂಗುತ್ತದೆ, ನಲ್ಲಿಯಲ್ಲಿ ಬಿಸಿನೀರು ಬರಲು ಹೊತ್ತು ಹಿಡಿಯುತ್ತದೆ. ಅವು ದೂರಲ್ಲ, ಅಲ್ಲಿಯ ಸಹಜ ಸ್ಥಿತಿ.

ಸುರಕ್ಷತಾ ಕವಾಯತು ತಪ್ಪಿಸಬೇಡಿ. ಏಳು ಸಲ ಚಿಕ್ಕ ಶಿಳ್ಳೆ, ಆಮೇಲೆ ಒಂದು ಉದ್ದ ಶಿಳ್ಳೆ, ಅದು ತುರ್ತಿನ ಸೂಚನೆ. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಮಗುಚಿದಾಗ ಆಗಷ್ಟೇ ಹತ್ತಿದ ಎಷ್ಟೋ ಜನರಿಗೆ ಕವಾಯತೇ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿ ಮಾಡಿ, ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಬೇಕು ಅಂತ ಮಾಡಿದರು. ಕವಾಯತು ಮುಗಿದ ಮೇಲೆ ನಿಮ್ಮ ಕ್ಯಾಬಿನ್‌ನಿಂದ ದೋಣಿ ಇರುವ ಜಾಗಕ್ಕೆ ಮೆಟ್ಟಿಲಲ್ಲೇ ಒಮ್ಮೆ ನಡೆದು ನೋಡಿ. ಹಳೆಯ ಹಡಗಿನ ಓಣಿಗಳು ಎಲ್ಲ ಒಂದೇ ಥರ, ದಾರಿ ತಪ್ಪುವುದು ಸುಲಭ.

ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ದಡ ದೂರ ಆದ ಮೇಲೆ ಫೋನು ಹಡಗಿನ ಉಪಗ್ರಹ ಜಾಲ ಹಿಡಿದರೆ ರೋಮಿಂಗ್ ಬಿಲ್ಲು ಸಾವಿರಗಟ್ಟಲೆ ಬರಬಹುದು.

ಎಲ್ಲಿ ನಿಂತು ಏನು ನೋಡಬೇಕು

ಮುಂದಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಮುಂಬೈಯಿಂದ ತೆಂಕಲಿಗೆ ಇಳಿಯುವಾಗ ದಡ ಎಡಕ್ಕೆ, ಸೂರ್ಯಾಸ್ತ ಬಲಕ್ಕೆ. ವಾಪಸ್ ಬರುವಾಗ ಉಲ್ಟಾ. ಚೆನ್ನೈನಿಂದ ಕೆಳಗೆ ಹೋಗುವಾಗ ದಡ ಬಲಕ್ಕೆ, ಸೂರ್ಯೋದಯ ಎಡಕ್ಕೆ. ಕಿಟಕಿ ಕ್ಯಾಬಿನ್ ಆರಿಸುವಾಗಲೂ ಇದು ಉಪಯೋಗಕ್ಕೆ ಬರುತ್ತದೆ.

ಬಂದರು ಬಿಡುವ, ಬಂದರು ಸೇರುವ ಹೊತ್ತು ಯಾವ ಕಾರಣಕ್ಕೂ ತಪ್ಪಿಸಬೇಡಿ. ಮುಂಬೈಯ ಬಲ್ಲಾರ್ಡ್ ಪಿಯರ್ ಬಿಟ್ಟಾಗ ಬಲಕ್ಕೆ ಗೇಟ್‌ವೇ, ತಾಜ್, ಕೊಲಾಬಾ, ಕೊನೆಯಲ್ಲಿ 1875ರ ಪ್ರಾಂಗ್ಸ್ ಲೈಟ್‌ಹೌಸ್. ಆ ಹೊತ್ತಿಗೆ ಬಫೆಯಲ್ಲಿ ಕೂತಿರುವವರನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಕೊಚ್ಚಿ ಸೇರುವುದು ಇನ್ನೂ ಚಂದ. ವೇಳಾಪಟ್ಟಿಯಲ್ಲಿ ಇರುವ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ಡೆಕ್‌ಗೆ ಬನ್ನಿ. ಮೊದಲು ಒಂದು ಚಿಕ್ಕ ದೋಣಿ ಹಡಗಿನ ಪಕ್ಕಕ್ಕೆ ಒತ್ತಿಕೊಂಡು ಅದೇ ವೇಗದಲ್ಲಿ ಬರುತ್ತದೆ. ಹಡಗಿನ ಪಕ್ಕೆಯಿಂದ ಮರದ ಮೆಟ್ಟಿಲಿನ ಹಗ್ಗದ ಏಣಿ ಇಳಿಬಿಟ್ಟಿರುತ್ತಾರೆ. ಹಡಗಿಗೆ ದಾರಿ ತೋರಿಸಿ ಬಂದರಿನೊಳಗೆ ತರುವ ಪೈಲಟ್, ಆ ದೋಣಿ ಅಲೆಗೆ ಮೇಲೆದ್ದ ಕ್ಷಣ ನೋಡಿಕೊಂಡು ಏಣಿಗೆ ಕಾಲಿಟ್ಟು ಸರಸರ ಹತ್ತಿ ಒಳಗೆ ಬರುತ್ತಾರೆ. ಅಲ್ಲಿಂದ ಮುಂದೆ ಹಡಗು ಬಲಕ್ಕೆ ಫೋರ್ಟ್ ಕೊಚ್ಚಿ, ಎಡಕ್ಕೆ ವೈಪಿನ್ ಇಟ್ಟುಕೊಂಡು ಕಾಲುವೆಯೊಳಗೆ ನುಗ್ಗುತ್ತದೆ. ಚೀನಾ ಬಲೆಗಳು ಏಳುವುದು, ನೀರು ಸೋರುವುದು, ಬೆಸ್ತರು ಹಗ್ಗ ಎಳೆಯುವುದು ಎಲ್ಲ ಕಾಣುತ್ತದೆ. ಚಿಕ್ಕ ಹಡಗಿನ ಪ್ರೊಮೆನೇಡ್ ಡೆಕ್‌ನಲ್ಲಿ (ಅಡ್ಡಾಡಲು ಇರುವ ತೆರೆದ ಡೆಕ್) ನಿಂತರೆ ದಡದವರ ಮುಖ ಕಾಣುವಷ್ಟು ಹತ್ತಿರ ಅನಿಸುತ್ತದೆ.

ಮಧ್ಯ ಸಮುದ್ರದಲ್ಲಿ ಬೆಳಗ್ಗೆ ಬೇಗ ಹಡಗಿನ ಮೂತಿಯ ಕಡೆ ಹೋಗಿ ನಿಲ್ಲಿ. ಡಾಲ್ಫಿನ್ ಬಂದರೆ ಅಲ್ಲೇ. ಲಕ್ಷದ್ವೀಪದ ಕಡೆ ಹಾರುವ ಮೀನುಗಳು ಹಡಗಿನ ನೊರೆಯಿಂದ ಎದ್ದು ನೀರಿನ ಮೇಲೆಯೇ ಜಾರಿಕೊಂಡು ದೂರ ಹೋಗಿ ಬೀಳುತ್ತವೆ.

ತಲೆ ಸುತ್ತು, ಹೊಟ್ಟೆ

ಚಾರ್ಮಾಡಿ ತಿರುವಿನಲ್ಲಿ ವಾಂತಿ ಮಾಡುವವರಿಗೆ ಸಮುದ್ರದಲ್ಲೂ ಆಗುತ್ತದೆ, ಕಾರಣ ಒಂದೇ. ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಟ ಹೇಳುತ್ತದೆ, ಕಣ್ಣು ನಿಂತಿದೆ ಅನ್ನುತ್ತದೆ. ಅದಕ್ಕೇ ಕ್ಯಾಬಿನ್ ಒಳಗೆ ಮೊಬೈಲ್ ನೋಡುತ್ತ ಮಲಗಿದರೆ ಜಾಸ್ತಿ ಆಗುತ್ತದೆ. ಡೆಕ್‌ಗೆ ಬಂದು ದಿಗಂತ ನೋಡುತ್ತ ನಿಲ್ಲಿ. ಡಾಕ್ಟರ ಹತ್ತಿರ ಊರಲ್ಲೇ ಕೇಳಿ ಮಾತ್ರೆ ಬರೆಸಿಕೊಳ್ಳಿ, ಅದನ್ನು ತಲೆ ಸುತ್ತುವ ಮುಂಚೆ ತಗೊಳ್ಳಬೇಕು, ಆಮೇಲೆ ತಗೊಂಡರೆ ಅಷ್ಟು ಉಪಯೋಗ ಇಲ್ಲ. ಶುಂಠಿ ಅಗಿಯುವುದು ಕೆಲವರಿಗೆ ಒಗ್ಗುತ್ತದೆ. ಹಡಗಿನ ಎರಡೂ ಪಕ್ಕೆಯಲ್ಲಿ ನೀರೊಳಗೆ ರೆಕ್ಕೆ ಥರದ ಸ್ಟೆಬಿಲೈಸರ್ ಇರುತ್ತವೆ. ಅವು ಅಡ್ಡ ತೂಗಾಟ ಕಡಿಮೆ ಮಾಡುತ್ತವೆ, ಮೂತಿ ಎದ್ದು ಬೀಳುವುದನ್ನು ಅಲ್ಲ.

ಊಟಕ್ಕೆ ಮುಂಚೆ ಸೋಪಿನಲ್ಲೇ ಕೈ ತೊಳೆಯಿರಿ. ಹಡಗಿನಲ್ಲಿ ಹಬ್ಬುವ, ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಇಳಿಯುವ ದಿನ

ಹಿಂದಿನ ರಾತ್ರಿಯೇ ದೊಡ್ಡ ಬ್ಯಾಗಿಗೆ ಟ್ಯಾಗ್ ಹಾಕಿ ಬಾಗಿಲ ಹೊರಗಿಡಲು ಹೇಳುತ್ತಾರೆ. ಬೆಳಗ್ಗೆ ಹಾಕುವ ಬಟ್ಟೆ, ಗುರುತಿನ ಚೀಟಿ ಒಳಗೇ ಉಳಿಸಿಕೊಳ್ಳಿ. ಬಿಲ್ಲನ್ನೂ ಆ ರಾತ್ರಿಯೇ ತೆಗೆಸಿ ಸಾಲು ಸಾಲು ನೋಡಿ, ಬೆಳಗ್ಗೆ ರಿಸೆಪ್ಷನ್‌ನಲ್ಲಿ ಕ್ಯೂ ಉದ್ದ. ವಾಪಸ್ ರೈಲು, ವಿಮಾನ ಮಧ್ಯಾಹ್ನದ ಮೇಲೆ ಇರಲಿ. ಇಳಿದ ಮೇಲೂ ಒಂದೆರಡು ದಿನ ನೆಲ ತೂಗಿದ ಹಾಗೆ ಅನಿಸಬಹುದು, ಅದು ತಾನಾಗಿ ಹೋಗುತ್ತದೆ. ಹಾಗಾಗಿ ಕಾರು ಮಂಗಳೂರಲ್ಲಿ ನಿಲ್ಲಿಸಿ ಹೋಗಿದ್ದವರು ಆ ರಾತ್ರಿಯೇ ಘಾಟಿ ಹತ್ತಬೇಡಿ. ಮಂಗಳೂರಲ್ಲೇ ಮಲಗಿ, ಬೆಳಗ್ಗೆ ತಿಂಡಿ ತಿಂದು ಹೊರಡಿ.